ಸೊನ್ನೆ ಗಂಟೆಯ ಮೇಷ್ಟ್ರು

ಲಿಫ್ಟು ನಾಲ್ಕಡಿ ಮೇಲೇರಿ ಗಕ್ಕನೆ ನಿಂತಿತು.

ಅವಳು ಮತ್ತೆ ಗುಂಡಿ ಒತ್ತಿದಳು. ಮೇಲಿನದು, ಕೆಳಗಿನದು, ಬಾಗಿಲಿನದು... ಯಾವುದಕ್ಕೂ ಅದು ಜಪ್ಪಯ್ಯ ಎನ್ನಲಿಲ್ಲ. ಹೆಗಲಲ್ಲಿ ಸಮೀಕ್ಷೆಯ ಫಾರಂಗಳ ಚೀಲ, ಎದುರಿಗೆ ಮುಚ್ಚಿದ ಉಕ್ಕಿನ ಬಾಗಿಲು. ಅದೂ ಎಲ್ಲಿ? ಲಿಫ್ಟ್ ರಿಪೇರಿ ಮಾಡುವವರ ವರ್ಕ್‌ಶಾಪಿನಲ್ಲೇ! ನಗಬೇಕೋ ಅಳಬೇಕೋ ಅವಳಿಗೆ ತಿಳಿಯಲಿಲ್ಲ.

"ಒಳಗೆ ಯಾರೋ ಇದ್ದೀರಾ?" ಹೊರಗಿನಿಂದ ಒಂದು ಗಂಡು ದನಿ ಕೇಳಿತು. ಗಾಬರಿಯಿಲ್ಲದ, ಪಕ್ಕದಲ್ಲೇ ಕೂತು ಮಾತಾಡುವಂಥ ದನಿ.

"ಇದ್ದೀನಿ. ಸಮೀಕ್ಷೆಗೆ ಬಂದವಳು. ಕಚೇರಿ ಮೇಲೆ ಅಂತ ಬೋರ್ಡ್ ಹಾಕಿದ್ದೀರಲ್ಲ, ಅದನ್ನ ನಂಬಿ ಹತ್ತಿದೆ."

"ಬೋರ್ಡು ಮೆಟ್ಟಿಲಿಗೆ ಹಾಕಿದ್ದು. ಭಯ ಪಡಬೇಡಿ, ಏನೂ ಆಗಲ್ಲ. ದಯವಿಟ್ಟು ಯಾವ ಗುಂಡಿನೂ ಒತ್ತಬೇಡಿ." ಆಮೇಲೆ ಕೊಂಚ ಅಳುಕುತ್ತಾ ಕೇಳಿದ, "ಒಂದು ಹತ್ತು ನಿಮಿಷ ಕೊಡ್ತೀರಾ?"

ಕೊಡದೆ ಎಲ್ಲಿಗೆ ಹೋಗಲಿ ಎಂದು ಬಾಯಿಗೆ ಬಂದದ್ದನ್ನು ನುಂಗಿಕೊಂಡು, "ಕೊಡ್ತೀನಿ" ಎಂದಳು.

ಹತ್ತು ನಿಮಿಷ ಇಪ್ಪತ್ತಾಯಿತು. ಹೊರಗೆ ಯಾರೋ ತಂತಿ ಎಳೆದು ನೋಡುತ್ತಿದ್ದರು, ಯಾರೋ ಅಲ್ಲವೆನ್ನುತ್ತಿದ್ದರು, ಒಬ್ಬ ಹೆಂಗಸು "ಮೇಷ್ಟ್ರೇ, ಇದಿರಬಹುದಾ?" ಎಂದು ಮತ್ತೆ ಮತ್ತೆ ಕೇಳುತ್ತಿದ್ದಳು. ಆ ಗಂಡು ದನಿ ಮಾತ್ರ ಉತ್ತರ ಹೇಳದೆ, ಮೊದಲು ಯಾವುದನ್ನು ನೋಡಬೇಕು, ಆಮೇಲೆ ಯಾವುದನ್ನು ಎಂದು ತಿರುಗಿ ಕೇಳುತ್ತಿತ್ತು.

'ಅಯ್ಯೋ, ಇವರಿಗೆ ಯಾರಿಗೂ ಕೆಲಸವೇ ಬರುವುದಿಲ್ಲ! ಇಂಥವರ ಕೈಯಲ್ಲಿ ನನ್ನ ಜೀವ ಸಿಕ್ಕಿಹಾಕಿಕೊಂಡಿದೆಯಲ್ಲ...'

ಇಪ್ಪತ್ತೆರಡನೇ ನಿಮಿಷಕ್ಕೆ ಲಿಫ್ಟು ಮೆಲ್ಲಗೆ ಕೆಳಗಿಳಿಯಿತು. ಬಾಗಿಲು ತೆರೆದಾಗ ಎದುರಿಗೆ ನಿಂತಿದ್ದವನಿಗೆ ಮೂವತ್ತೈದರ ಆಸುಪಾಸು. ತೋಳು ಮಡಚಿದ ಶರ್ಟು, ಕಿವಿಯ ಸಂದಿಯಲ್ಲಿ ಪೆನ್ಸಿಲ್ಲು, ಕೈಯಲ್ಲಿ ಅವಳಿಗೆಂದೇ ಹಿಡಿದ ನೀರಿನ ಲೋಟ. ಬೈಯಲೆಂದು ತೆರೆದ ಬಾಯಿಗೆ ಅವಳು ನೀರು ಸುರಿದುಕೊಂಡಳು. ಅವನ ಕಣ್ಣಲ್ಲಿ ನಗುವಿತ್ತು. ಆದರೆ ಅದು ಅವಳನ್ನು ನೋಡಿ ಬಂದ ನಗುವಲ್ಲ. ಪಕ್ಕದಲ್ಲಿ ಸ್ಕ್ರೂಡ್ರೈವರ್ ಹಿಡಿದು ಬೆವೆತು ನಿಂತಿದ್ದ ನಲವತ್ತರ ಹೆಂಗಸನ್ನು ನೋಡಿ ಬಂದದ್ದು. ಲಿಫ್ಟಿನಿಂದ ಇಳಿದವಳಿಗೇಕೋ ಇನ್ನಷ್ಟು ಕೋಪ ಬಂತು.

ಅವಳ ಕೆಲಸವೇ ಪ್ರಶ್ನೆ ಕೇಳುವುದು. ಕೆಲಸ ಕೊಡುವವರು ತಮ್ಮ ಕೆಲಸಗಾರರ ಕಲಿಕೆಗೆ ವರ್ಷದುದ್ದಕ್ಕೂ ಎಷ್ಟು ಸಮಯ, ಎಷ್ಟು ಹಣ ತೊಡಗಿಸುತ್ತಾರೆ ಎಂದು ಅಳೆಯುವ ಸಮೀಕ್ಷೆ ಅದು. ಆರಿಸಿದ ಪ್ರತಿ ಸಂಸ್ಥೆಯನ್ನೂ ಮೂರು ತಿಂಗಳಿಗೊಮ್ಮೆಯಂತೆ ವರ್ಷಕ್ಕೆ ನಾಲ್ಕು ಸಲ ಕೇಳಬೇಕು. ಪ್ರಶ್ನೆಯನ್ನು ಅಚ್ಚಾದಂತೆಯೇ ಓದಬೇಕು, ಅದರ ಕೆಳಗೆ ಸಣ್ಣಕ್ಷರದಲ್ಲಿರುವ ವಿವರಣೆಯನ್ನೂ ಬಿಡದೆ ಓದಬೇಕು. ಆರು ವರ್ಷದಲ್ಲಿ ಅವಳ ಒಂದು ಫಾರಮ್ಮಿಗೂ ತಿದ್ದುಪಡಿ ಚೀಟಿ ಅಂಟಿರಲಿಲ್ಲ. ಹೊಸ ಸಮೀಕ್ಷಕರಿಗೆ ಪಾಠ ಹೇಳುವ ಹುದ್ದೆ ಈ ವರ್ಷ ಖಾಲಿಯಾಗಲಿತ್ತು. ಅದು ತನಗೇ ಎಂದು ಅವಳು ಮನಸ್ಸಿನಲ್ಲೇ ಕುರ್ಚಿ ಹಾಕಿಕೊಂಡು ಕೂತಾಗಿತ್ತು.

ಆವತ್ತು ಮಾತ್ರ ಸೆಕೆ, ಸಿಟ್ಟು, ಜೊತೆಗೆ ಆ ನಗು. ಹನ್ನೊಂದನೇ ಪ್ರಶ್ನೆಗೆ ಬಂದಾಗ ಗಡಬಡಿಸಿ ಕೇಳಿದಳು, "ಕಳೆದ ಮೂರು ತಿಂಗಳಲ್ಲಿ ಕೆಲಸಗಾರರಿಗೆ ಎಷ್ಟು ಗಂಟೆ ತರಬೇತಿ ಕೊಟ್ಟಿದ್ದೀರಿ?"

ಅವನು ತಲೆ ಕೆರೆದುಕೊಂಡ. "ತರಬೇತಿನಾ? ಯಾರನ್ನೂ ಎಲ್ಲಿಗೂ ಕಳಿಸಿಲ್ಲ. ಸರ್ಟಿಫಿಕೇಟ್ ಕೊಡಿಸಿಲ್ಲ. ಇಲ್ಲ ಅಂತ ಬರ್ಕೊಳ್ಳಿ."

ಅವಳು ದುಂಡಗೆ ಒಂದು ಸೊನ್ನೆ ಬರೆದಳು. ಬರೆಯುವಾಗ ಒಂಥರಾ ಸಮಾಧಾನವೂ ಆಯಿತು. ಎದುರಿಗಿದ್ದವನನ್ನು ಕೆಲಸಗಾರರೆಲ್ಲ ಮೇಷ್ಟ್ರೇ, ಮೇಷ್ಟ್ರೇ ಎಂದು ಕರೆಯುತ್ತಿದ್ದುದು ಅವಳ ಕಿವಿಗೆ ಬಿದ್ದಿತ್ತು. ಕಿವಿಯಿಂದ ಮುಂದೆ ಹೋಗಿರಲಿಲ್ಲ, ಅಷ್ಟೆ.

ಹೊರಡುವಾಗ ನಿಯಮದಂತೆ ಪ್ರಶ್ನೆಗಳ ಒಂದು ಪ್ರತಿಯನ್ನು ಅವನ ಮೇಜಿನ ಮೇಲಿಟ್ಟಳು. ಅವನು ಅದನ್ನು ಕೈಗೆತ್ತಿಕೊಂಡು, ಈ ಸೊನ್ನೆ ಎಲ್ಲಿಗೆ ಹೋಗುತ್ತದೆ ಎಂದು ಕೇಳಿದ. ವರದಿಗೆ ಹೋಗುತ್ತದೆ ಎಂದಳು. ಅವನು ಆ ಪ್ರತಿಯನ್ನು ಕೈಯಲ್ಲೇ ಹಿಡಿದು ಬಾಗಿಲವರೆಗೆ ಬಂದು ಬೀಳ್ಕೊಟ್ಟ.

ಅವಳು ಅಕ್ಕ ಭಾವನ ಜೊತೆ ಮೂರನೇ ಮಹಡಿಯ ಮನೆಯಲ್ಲಿದ್ದಳು. ಅಕ್ಕನಿಗೆ ಅವಳು ಚಿಕ್ಕಂದಿನಿಂದಲೂ 'ಪ್ರಶ್ನೆಪತ್ರಿಕೆ'. ಲಿಫ್ಟಿನ ಕಥೆ ಕೇಳಿ ಅಕ್ಕ ಹೊಟ್ಟೆ ಹಿಡಿದುಕೊಂಡು ನಕ್ಕಳು. ಭಾವ ಮಾತ್ರ ನಗು ತಡೆದುಕೊಂಡು, ಆ ಮನುಷ್ಯ ನೋಡಲು ಹೇಗಿದ್ದ ಎಂದು ಕೇಳಿದರು. ಕಿವಿಯಲ್ಲಿ ಪೆನ್ಸಿಲ್ ಇತ್ತು, ತೋಳು ಮಡಚಿದ್ದ, ಎಡಗೈ ಹೆಬ್ಬೆರಳಿನ ಮೇಲೆ ಹಳೇ ಗಾಯದ ಗುರುತಿತ್ತು ಎಂದೆಲ್ಲ ಅವಳು ಹೇಳುತ್ತಾ ಹೋದಳು.

"ಸಿಟ್ಟು ಬಂದಾಗಲೂ ನೀನು ಇಷ್ಟೊಂದು ನೋಡ್ತೀಯಾ?" ಎಂದಳು ಅಕ್ಕ.

ಅವಳು ಬೇಗನೆ ಕೈತೊಳೆಯಲು ಎದ್ದು ಹೋದಳು.

ಎರಡನೇ ಸಲ ಫೋನಿನಲ್ಲೇ ಕೇಳಿದರೆ ಸಾಕೆಂಬುದು ಕಚೇರಿಯ ಪದ್ಧತಿ. ಮೂರು ತಿಂಗಳ ಮೇಲೆ ಫೋನು ಮಾಡಿದಾಗ ಅವನು ಮೊದಲು ಕೇಳಿದ್ದು, ಈಗ ಲಿಫ್ಟ್ ಹತ್ತುತ್ತೀರಾ ಎಂದು. ಹತ್ತುವುದಿಲ್ಲ, ಮೂರು ಮಹಡಿಯನ್ನೂ ನಡೆದೇ ಏರುತ್ತೇನೆ ಎಂದಳು. ತಪ್ಪು ತನ್ನದೆಂದು ಬಹಳ ಮೆಲ್ಲಗೆ ಹೇಳಿದ. ಆ ಮೆಲುದನಿ ಕಿವಿಯಲ್ಲೇ ಉಳಿಯಿತು. ಹನ್ನೊಂದನೇ ಪ್ರಶ್ನೆಗೆ ಬಂದಾಗ ಅವಳ ಗಮನ ಅರ್ಧ ಅಲ್ಲೇ ಇತ್ತು.

"ನೂರ ಎಂಬತ್ತಾರು ಗಂಟೆ" ಎಂದ.

ಅವಳು ಎರಡು ಸಲ ಕೇಳಿ ಖಚಿತಪಡಿಸಿಕೊಂಡು ಬರೆದಳು. ಹೇಗೆ ಏನು ಎಂದು ಕೆದಕಲಿಲ್ಲ. ಒಳ್ಳೆಯದಾಯಿತಲ್ಲ ಎಂದು ಖುಷಿಪಟ್ಟಳು. ಫಾರಂ ಮುಗಿದ ಮೇಲೂ ಮಾತು ಅರ್ಧ ಗಂಟೆ ನಡೆಯಿತು. ಅದಕ್ಕೆ ಯಾವ ಕಾಲಮ್ಮೂ ಇರಲಿಲ್ಲ.

ಆಮೇಲಿನ ಭಾನುವಾರ ಅವನು, ಫೋನಿನಲ್ಲಿ ಕೇಳಿಕೊಂಡ ವಿಳಾಸ ಹಿಡಿದು, ಅವರ ಕಟ್ಟಡಕ್ಕೇ ಬಂದುಬಿಟ್ಟ. ಬಾಗಿಲಿಗೆ ಕಿವಿಯಿಟ್ಟು, ಖಾಲಿ ಲಿಫ್ಟನ್ನು ನಾಲ್ಕು ಸಲ ಮೇಲೆ ಕೆಳಗೆ ಓಡಿಸಿ ಆಲಿಸಿದ. ವೈದ್ಯರು ಎದೆಬಡಿತ ಕೇಳುವ ಹಾಗೆ.

"ಇದು ಗಟ್ಟಿಮುಟ್ಟಾಗಿದೆ. ಬನ್ನಿ, ಒಂದು ಸಲ ನನ್ನ ಜೊತೆ ಹತ್ತಿ."

ಬಾಗಿಲು ಮುಚ್ಚಿದಾಗ ಅವಳು ಹಿಂದಿನ ಕಂಬಿಯನ್ನು ಎರಡೂ ಕೈಯಲ್ಲಿ ಹಿಡಿದುಕೊಂಡಳು. ಅವನು ಕೈ ಹಿಡಿಯಲಿಲ್ಲ. ಈಗ ಕೇಳಿದ ಸದ್ದು ಏನು, ಮುಂದೆ ಕೇಳುವ ಸದ್ದು ಏನು ಎಂದು ಒಂದೊಂದಾಗಿ ಹೇಳುತ್ತಾ ಹೋದ. ಮೂರನೇ ಮಹಡಿ ಬರುವಷ್ಟರಲ್ಲಿ ಅವಳ ಭಯ ಎಲ್ಲೋ ಜಾರಿಹೋಗಿತ್ತು. ಇನ್ನೊಂದೆರಡು ಮಹಡಿ ಇದ್ದಿದ್ದರೆ ಎನ್ನಿಸಿತು!

ಬಾಗಿಲಲ್ಲಿ ನಿಂತಿದ್ದ ಅಕ್ಕ ಇಬ್ಬರ ಮುಖವನ್ನೂ ನೋಡಿ, ಒಳಗೆ ಹೋಗಿ ಇನ್ನೊಂದು ತಟ್ಟೆ ಇಟ್ಟಳು.

ಎರಡು ವಾರ ಅವಳು ನೆಲದ ಮೇಲೆ ನಡೆಯಲಿಲ್ಲ. ಮೂರನೇ ವಾರ ಮೇಲಧಿಕಾರಿ ಕರೆದರು. ಕಚೇರಿಯಲ್ಲಿ ಎಲ್ಲರೂ ಅವರನ್ನು ಕರೆಯುವುದು 'ಕೆಂಪು ಪೆನ್ನು ಮೇಡಂ' ಎಂದೇ. ಅವರ ಮೇಜಿನ ಮೇಲೆ ಲಿಫ್ಟ್ ವರ್ಕ್‌ಶಾಪಿನ ಎರಡೂ ಫಾರಂಗಳು ಅಕ್ಕಪಕ್ಕ ಬಿದ್ದಿದ್ದವು. ಸೊನ್ನೆಯ ಸುತ್ತ ಒಂದು ಕೆಂಪು ವೃತ್ತ, ನೂರ ಎಂಬತ್ತಾರರ ಸುತ್ತ ಇನ್ನೊಂದು.

ಐದೇ ಜನರಿರುವ ಜಾಗದಲ್ಲಿ ಸೊನ್ನೆ ಹೀಗೆ ಹಾರಿತಾದರೂ ಹೇಗೆ ಎಂದು ಅವರು ಕೇಳಿದರು. ಎರಡರಲ್ಲಿ ಒಂದು ಸುಳ್ಳು, ಯಾವುದೆಂದು ತಿಳಿದುಕೊಂಡು ಬಾ ಎಂದರು.

'ನನ್ನನ್ನು ಖುಷಿಪಡಿಸಲು ಹೇಳಿದನೇ? ಮತ್ತೆ ಸೊನ್ನೆ ಎಂದರೆ ನನ್ನ ಕಣ್ಣಲ್ಲಿ ಚಿಕ್ಕವನಾಗುತ್ತೇನೆಂದು, ಬಾಯಿಗೆ ಬಂದದ್ದೊಂದು ಅಂಕಿ ಹೇಳಿಬಿಟ್ಟನೇ? ಹಾಗಾದರೆ ಆ ಭಾನುವಾರ ಕೂಡ...'

ಅನುಮಾನ ಒಂದು ಸಲ ಒಳಗೆ ಬಂದರೆ ಚಪ್ಪಲಿ ಬಿಚ್ಚಿ ಕೂತೇಬಿಡುತ್ತದೆ. ವರ್ಕ್‌ಶಾಪು ತಲುಪುವಷ್ಟರಲ್ಲಿ ಅವಳ ಮುಖ ಊದಿಕೊಂಡಿತ್ತು. ಅವನು ಅವಳನ್ನು ಕಂಡು ಅರಳಿದ. ಕೂರಲು ಹೇಳಿದ. ಅವಳು ನಿಂತೇ ಕೇಳಿದಳು.

"ಆ ನೂರ ಎಂಬತ್ತಾರು, ನನಗೋಸ್ಕರ ಹೇಳಿದ್ದಾ?"

ಅವನಿಗೆ ಅರ್ಥವಾಗಲು ಒಂದು ಗಳಿಗೆ ಬೇಕಾಯಿತು. ಅರ್ಥವಾದ ಮೇಲೆ ಅರಳಿದ ಮುಖ ಇಳಿಯಿತು.

"ಆವತ್ತು ನೀವು ಲಿಫ್ಟ್ ಒಳಗೆ ಎಷ್ಟು ಹೊತ್ತಿದ್ರಿ?"

"ಇಪ್ಪತ್ತೆರಡು ನಿಮಿಷ."

"ಹೊರಗೆ ನಾವು ಏನು ಮಾಡ್ತಿದ್ವಿ ಅಂದುಕೊಂಡ್ರಿ?"

ಅವನು ದನಿಯೆತ್ತಲಿಲ್ಲ. ಎತ್ತಿದ್ದರೇ ಚೆನ್ನಾಗಿತ್ತು ಎಂದು ಆಮೇಲೆ ಅವಳಿಗೆ ಎಷ್ಟೋ ಸಲ ಅನ್ನಿಸಿತು.

"ಬೇರೆ ಯಾರು ನನ್ನನ್ನ ಸುಳ್ಳುಗಾರ ಅಂದಿದ್ರೂ ನಕ್ಕುಬಿಡ್ತಿದ್ದೆ. ನಮ್ಮ ಹೆಸರು ಪಟ್ಟಿಯಿಂದ ತೆಗೆದುಬಿಡಿ." ಹಾಗೆಂದು ಅವನು ಸಲಕರಣೆಯ ಚೀಲ ಎತ್ತಿಕೊಂಡು ಕೆಲಸಕ್ಕೆ ಹೊರಟುಹೋದ.

ಅವಳು ನಿಂತಲ್ಲೇ ನಿಂತಳು. ಸ್ಕ್ರೂಡ್ರೈವರ್ ಹಿಡಿದಿದ್ದ ಆವತ್ತಿನ ಹೆಂಗಸು ಹತ್ತಿರ ಬಂದಳು. ಹದಿನೈದು ವರ್ಷ ಶಾಲೆಯ ವ್ಯಾನು ಓಡಿಸಿ ಆಮೇಲೆ ಈ ಕೆಲಸಕ್ಕೆ ಸೇರಿದವಳಾದ್ದರಿಂದ ಅಲ್ಲಿ ಎಲ್ಲರಿಗೂ ಅವಳು ವ್ಯಾನಕ್ಕ.

"ಬಾಮ್ಮ ಇಲ್ಲಿ" ಎಂದು ವ್ಯಾನಕ್ಕ ಅವಳನ್ನು ಆ ಲಿಫ್ಟಿನ ಹಿಂದಕ್ಕೆ ಕರೆದೊಯ್ದಳು. ಅದು ಎಲ್ಲಿಗೂ ಹೋಗುವ ಲಿಫ್ಟೇ ಅಲ್ಲ. ನೆಲದಿಂದ ಎಂಟಡಿ ಏರುತ್ತದೆ, ಮತ್ತೆ ಇಳಿಯುತ್ತದೆ. ಕಲಿಯುವುದಕ್ಕೆಂದೇ ಮೇಷ್ಟ್ರು ಹಳೇ ಭಾಗಗಳನ್ನು ಜೋಡಿಸಿ ನಿಲ್ಲಿಸಿದ್ದು. ದಿನಾ ಬೆಳಿಗ್ಗೆ ಎಲ್ಲರಿಗಿಂತ ಮೊದಲು ಬಂದು ಅದರಲ್ಲಿ ಒಂದು ದೋಷ ಅಡಗಿಸಿಡುತ್ತಾನೆ. ಒಂದು ತಂತಿ ಸಡಿಲ, ಇಲ್ಲವೇ ಒಂದು ಸ್ವಿಚ್ಚು ತಲೆಕೆಳಗು. ಹೊರಗಿನ ಕೆಲಸಕ್ಕೆ ಹೋಗುವ ಮುನ್ನ ಐದೂ ಜನ ಅರ್ಧ ಗಂಟೆ ಕೂತು ಅದನ್ನು ಹುಡುಕಬೇಕು. ಆವತ್ತು ಬಾಗಿಲಿನ ಲಾಕಿನ ತಂತಿ ಸಡಿಲಿಸಿದ್ದ. ಹುಡುಕುವ ಸರದಿ ವ್ಯಾನಕ್ಕನದು.

"ನಾನು ಹುಡುಕಿದ ಮೊದಲನೇ ದೋಷ ಅದು. ಮೇಷ್ಟ್ರು ಮನಸ್ಸು ಮಾಡಿದ್ರೆ ಒಂದು ನಿಮಿಷದಲ್ಲಿ ನಿನ್ನ ಇಳಿಸ್ತಿದ್ರು. ನನ್ನ ಕೈಯಿಂದ ಕಸ್ಕೊಳ್ಳೋಕೆ ಮನಸ್ಸು ಬರಲಿಲ್ಲ ಅವರಿಗೆ. ಅದಕ್ಕೇ ನಿನ್ನ ಹತ್ರ ಹತ್ತು ನಿಮಿಷ ಕೇಳಿದ್ದು."

ಅವಳು ಆ ಲಿಫ್ಟಿನ ಬಾಗಿಲನ್ನು ಮುಟ್ಟಿ ನೋಡಿದಳು. ತರಬೇತಿಯ ಒಳಗೇ ಇಪ್ಪತ್ತೆರಡು ನಿಮಿಷ ಕೂತು, ಹೊರಗೆ ಬಂದು ತರಬೇತಿ ಸೊನ್ನೆ ಎಂದು ಬರೆದಿದ್ದಳು!

ವ್ಯಾನಕ್ಕ ಮೊಳೆಗೆ ತೂಗುಹಾಕಿದ್ದ ಪುಸ್ತಕ ತೆಗೆದು ಕೊಟ್ಟಳು. ಸಮೀಕ್ಷೆಯವಳು ಬಂದುಹೋದ ದಿನದಿಂದ ಮೇಷ್ಟ್ರು ಬರೆದಿಟ್ಟ ಪುಸ್ತಕ ಅದು. ಯಾವ ದಿನ, ಯಾರು, ಯಾವ ದೋಷ, ಎಷ್ಟು ಹೊತ್ತು, ಎಲ್ಲವೂ ಇತ್ತು. ಐದು ಜನ, ಎಪ್ಪತ್ತೈದು ದಿನ, ಅರ್ಧರ್ಧ ಗಂಟೆ. ಮೂರು ದಿನ ಒಬ್ಬೊಬ್ಬರು ರಜೆ. ಅವಳು ಬಾಯಲ್ಲೇ ಕೂಡಿಸಿದಳು. ನೂರ ಎಂಬತ್ತಾರು ಗಂಟೆ, ಒಂದು ನಿಮಿಷ ಹೆಚ್ಚಿಲ್ಲ, ಕಡಿಮೆಯಿಲ್ಲ.

ಮೊದಲ ಪುಟದ ಅಂಚಿನಲ್ಲಿ ಪೆನ್ಸಿಲಿನಲ್ಲಿ ಹೀಗಿತ್ತು: 'ಬಾಗಿಲಿನ ಲಾಕ್. ವ್ಯಾನಕ್ಕ ಒಬ್ಬರೇ ಹುಡುಕಿದರು. ಒಳಗೆ ಒಬ್ಬರು ಸಿಕ್ಕಿಕೊಂಡಿದ್ದರು. ಪಾಪ, ಕೂಗಾಡಲಿಲ್ಲ. ಮತ್ತೆ ಬಂದಾಗ ಕ್ಷಮೆ ಕೇಳಬೇಕು.'

ಅವಳ ಕಣ್ಣು ತುಂಬಿ ಬಂತು. ಪುಸ್ತಕದ ಕೊನೆಯಲ್ಲಿ ಅವಳೇ ಬಿಟ್ಟುಹೋದ ಪ್ರಶ್ನೆಗಳ ಪ್ರತಿ ಮಡಚಿ ಇಟ್ಟಿತ್ತು. ಹನ್ನೊಂದನೇ ಪ್ರಶ್ನೆಯ ಕೆಳಗಿನ ಸಣ್ಣಕ್ಷರದ ಸಾಲುಗಳಿಗೆ ಪೆನ್ಸಿಲಿನ ಗೆರೆ ಎಳೆದಿತ್ತು. ಕೆಲಸದ ಜಾಗದಲ್ಲೇ, ಮೊದಲೇ ಯೋಚಿಸಿ, ಸಮಯ ಮೀಸಲಿಟ್ಟು ಕಲಿಸಿದ್ದೂ ತರಬೇತಿಯೇ ಎಂದು ಅಲ್ಲಿ ಅಚ್ಚಾಗಿತ್ತು. ಅವಳು ಆವತ್ತು ಸಿಟ್ಟಿನಲ್ಲಿ ಓದದೆ ಹಾರಿಸಿದ ಸಾಲುಗಳು. ಸುಳ್ಳು ಅವನ ಬಾಯಿಂದ ಬಂದಿರಲಿಲ್ಲ, ಅವಳ ಆತುರದಿಂದ ಹುಟ್ಟಿತ್ತು.

ಕೆಂಪು ಪೆನ್ನು ಮೇಡಂ ಎಲ್ಲವನ್ನೂ ಕೇಳಿಸಿಕೊಂಡರು. ಉತ್ತರ ಕೊಟ್ಟವರು ಮರೆತಿದ್ದರು ಎಂದು ಬರೆದರೆ ವಿಷಯ ಅಲ್ಲಿಗೇ ಮುಗಿಯುತ್ತದೆ, ಯಾರೂ ಕೇಳುವುದಿಲ್ಲ ಎಂದು ನಿಧಾನವಾಗಿ ನೆನಪಿಸಿದರು. ತಿದ್ದುಪಡಿ ಚೀಟಿ ಅಂಟಿದರೆ ಪಾಠ ಹೇಳುವ ಹುದ್ದೆ ಈ ವರ್ಷ ಕೈತಪ್ಪುತ್ತದೆ ಎಂದೂ ಹೇಳಿದರು.

"ಅವರು ಏನನ್ನೂ ಮರೆತಿರಲಿಲ್ಲ ಮೇಡಂ. ನಾನು ಓದಿರಲಿಲ್ಲ" ಎಂದಳು. ಚೀಟಿಯ ಮೇಲೆ ಸಹಿ ಹಾಕಿದಳು. ಮನಸ್ಸು ಎಷ್ಟೋ ದಿನಗಳ ಮೇಲೆ ಹಗುರಾಯಿತು.

ಇನ್ನೊಂದು ಕೆಲಸ ಉಳಿದಿತ್ತು. ಫಾರಮ್ಮಿನ ಕೊನೆಯ ಪುಟದಲ್ಲಿ ಸಮೀಕ್ಷಕರಿಗೇ ಒಂದು ಪ್ರಶ್ನೆಯಿದೆ. ಉತ್ತರ ಕೊಟ್ಟವರು ನಿಮಗೆ ಬೇಕಾದವರೇ? ಹೌದಾದರೆ ಆ ಸಂಸ್ಥೆ ಬೇರೆ ಸಮೀಕ್ಷಕರ ಪಾಲಾಗುತ್ತದೆ. ಆರು ವರ್ಷದಿಂದ 'ಇಲ್ಲ' ಎಂದು ಗುರುತು ಹಾಕಿ ಹಾಕಿ ಆ ಚೌಕ ಅವಳಿಗೆ ಬಾಯಿಪಾಠವಾಗಿತ್ತು. ಇವತ್ತು ಪಕ್ಕದ ಚೌಕಕ್ಕೆ ಗುರುತು ಹಾಕಿದಳು. ಇನ್ನು ಅಲ್ಲಿಗೆ ಹೋಗಲು ಅವಳಿಗೆ ಯಾವ ನೆಪವೂ ಉಳಿಯಲಿಲ್ಲ.

ಮೇಡಂ ಕನ್ನಡಕದ ಮೇಲಿಂದ ನೋಡಿದರು. ಹೊಸ ಸಮೀಕ್ಷಕರ ತರಗತಿಗೆ ಬಂದು ಈ ಇಪ್ಪತ್ತೆರಡು ನಿಮಿಷದ ಕಥೆಯನ್ನಾದರೂ ಹೇಳು, ನನ್ನ ಪಾಠಕ್ಕಿಂತ ಅದೇ ಅವರ ತಲೆಗೆ ಹೋಗುತ್ತದೆ ಎಂದರು.

ಮಾರನೇ ಬೆಳಿಗ್ಗೆ ಅವಳು ಚೀಲವಿಲ್ಲದೆ ಹೊರಟಳು. ಅಕ್ಕ ಅವಳ ಖಾಲಿ ಹೆಗಲನ್ನು ನೋಡಿದಳು.

"ಪ್ರಶ್ನೆಪತ್ರಿಕೆ ಇವತ್ತು ಉತ್ತರ ಬರೆಯೋಕೆ ಹೊರಟಿತಾ?"

ಅವಳು ಅಕ್ಕನ ಕೆನ್ನೆ ಹಿಂಡಿ ಲಿಫ್ಟ್ ಹತ್ತಿದಳು.

ವರ್ಕ್‌ಶಾಪಿನಲ್ಲಿ ಅವನು ಒಬ್ಬನೇ ಇದ್ದ. ಬೆನ್ನು ತಿರುಗಿಸಿ ತಂತಿಗಳ ಪೆಟ್ಟಿಗೆ ಹುಡುಕುತ್ತಿದ್ದ. ಆ ದಿನದ ದೋಷ ಇನ್ನೂ ಇಟ್ಟಿರಲಿಲ್ಲ. ಅವಳು ಸದ್ದಿಲ್ಲದೆ ಒಳಗೆ ಹೋಗಿ ಗುಂಡಿ ಒತ್ತಿದಳು. ಲಿಫ್ಟು ನಾಲ್ಕಡಿ ಏರಿ ಗಕ್ಕನೆ ನಿಂತಿತು.

ಹೊರಗೆ ಹೆಜ್ಜೆಗಳು ಓಡಿಬಂದವು. "ಒಳಗೆ ಯಾರು?"

"ನಾನು" ಎಂದಳು.

ಓಡಿಬಂದ ಹೆಜ್ಜೆಗಳು ಬಾಗಿಲ ಹತ್ತಿರ ನಿಂತವು.

"ಭಯ ಆಗ್ತಿದೆಯಾ?" ಕೊನೆಗೆ ಅವನೇ ಕೇಳಿದ. ದನಿ ಇನ್ನೂ ಬಿಗಿಯಾಗಿತ್ತು. ಆದರೂ ಮೊದಲು ಕೇಳಿದ್ದು ಅದನ್ನೇ.

"ಲಿಫ್ಟಿಂದಲ್ಲ. ಒಂದು ಹತ್ತು ನಿಮಿಷ ಕೊಡ್ತೀರಾ?"

ಅವನು ಇಲ್ಲವೆನ್ನಲಿಲ್ಲ. ಅವಳು ಬಾಗಿಲಿಗೆ ಹಣೆಯಿಟ್ಟು ಎಲ್ಲವನ್ನೂ ಹೇಳಿದಳು. ಓದದೆ ಬಿಟ್ಟ ಸಾಲುಗಳನ್ನು ಈಗ ಒಂದಕ್ಷರ ಬಿಡದೆ ಹೇಳಿದಳು. ಪುಸ್ತಕ ನೋಡಿದ್ದು, ಚೀಟಿಗೆ ಸಹಿ ಹಾಕಿದ್ದು, ಸೊನ್ನೆ ಅಳಿಸಲು ಮುಂದಿನ ವಾರ ಬೇರೆಯವರು ಬರುವುದು, ಎಲ್ಲವನ್ನೂ. ಅಷ್ಟರಲ್ಲಿ ಕೆಲಸಗಾರರು ಒಬ್ಬೊಬ್ಬರಾಗಿ ಬಂದು ಸೇರುತ್ತಿದ್ದುದು ಒಳಗಿದ್ದವಳಿಗೆ ಹೇಗೆ ಗೊತ್ತಾಗಬೇಕು?

"ಹೆಸರು ತೆಗೆಸಬೇಡಿ. ನೀವು ಕಲಿಸಿದ್ದು ಲೆಕ್ಕಕ್ಕೆ ಬರಬೇಕು. ನನ್ನ ಮೇಲಿನ ಸಿಟ್ಟು ನನ್ನ ಮೇಲೇ ಇರಲಿ."

"ಬೇರೆಯವರು ಯಾಕೆ ಬರ್ತಾರೆ? ನೀವು ಬರಲ್ವಾ?"

ಅವಳು ಕಣ್ಣು ಮುಚ್ಚಿಕೊಂಡಳು. "ಉತ್ತರ ಕೊಟ್ಟವರು ನಿಮಗೆ ಬೇಕಾದವರಾ ಅಂತ ಕೊನೇ ಪುಟದಲ್ಲಿ ನನಗೇ ಕೇಳಿದ್ದಾರೆ. ಹೌದು ಅಂತ ಬರೆದೆ."

ಹೊರಗೆ ಯಾರದೋ ಕೈಯಿಂದ ಸಲಕರಣೆಯೊಂದು ಠಣ್ಣನೆ ಬಿತ್ತು.

ಆಮೇಲೆ ವ್ಯಾನಕ್ಕನ ದನಿ ಕೇಳಿತು. ಅವಳು ಅಷ್ಟು ಹೊತ್ತೂ ಪೆಟ್ಟಿಗೆ ಬಿಚ್ಚಿ ತಂತಿ ತಂತಿಯನ್ನೂ ಮುಟ್ಟಿ ನೋಡುತ್ತಿದ್ದಳು. "ಮೇಷ್ಟ್ರೇ, ಇವತ್ತು ದೋಷ ಏನೂ ಇಲ್ಲ. ಒಳಗಿಂದ ಕೆಂಪು ಗುಂಡಿ ಒತ್ತಿ ನಿಲ್ಲಿಸಿದ್ದಾರೆ."

ಎಲ್ಲರೂ ಗೊಳ್ಳೆಂದು ನಕ್ಕರು. ಅವಳು ನಾಚಿ ಮುದ್ದೆಯಾದಳು. ಕೆಂಪು ಗುಂಡಿಯನ್ನು ಎಳೆದುಬಿಟ್ಟಳು. ಲಿಫ್ಟು ಮೆಲ್ಲಗೆ ಇಳಿದು, ಬಾಗಿಲು ತೆರೆದುಕೊಂಡಿತು.

ಅವನು ಎದುರಿಗೇ ನಿಂತಿದ್ದ. ಕಿವಿಯಲ್ಲಿ ಪೆನ್ಸಿಲು, ಕೈಯಲ್ಲಿ ನೀರಿನ ಲೋಟ. ಕಣ್ಣಲ್ಲಿ ಆವತ್ತಿನದೇ ನಗು, ಈ ಸಲ ಅದು ಅವಳಿಗೇ.

"ಬೇಕಂತಲೇ ನಿಲ್ಲಿಸಿದ್ರಾ?"

"ಬಾಗಿಲು ತೆರೆದಿದ್ರೆ, ನಿಮ್ಮ ಮುಖ ನೋಡಿ ಒಂದು ಮಾತೂ ಬರ್ತಿರಲಿಲ್ಲ."

ಅವನು ಪುಸ್ತಕ ತೆಗೆದು, ಆ ದಿನದ ಸಾಲಿಗೆ ಪೆನ್ಸಿಲು ಇಟ್ಟು, ಏನು ಬರೆಯಲಿ ಎನ್ನುವಂತೆ ಅವಳನ್ನು ನೋಡಿದ. "ಎಷ್ಟು ಹೊತ್ತಾಯ್ತು?"

"ಗಡಿಯಾರ ನೋಡಲಿಲ್ಲ" ಎಂದಳು ಅವಳು, ಆರು ವರ್ಷದಲ್ಲಿ ಮೊದಲ ಸಲ.

"ನಾನೂ ನೋಡಲಿಲ್ಲ" ಎಂದು ಅವನು ಪುಸ್ತಕ ಮುಚ್ಚಿ ನೀರಿನ ಲೋಟ ಅವಳ ಕೈಗಿಟ್ಟ. ಕೈಯನ್ನು ಮಾತ್ರ ಹಿಂದಕ್ಕೆ ತೆಗೆದುಕೊಳ್ಳಲಿಲ್ಲ.